ಕಾಗದ ಬರೆದು ಉತ್ತರ ಓದಬಲ್ಲವರು

ಸಾಕ್ಷರ ಎಂಬ ಮಾತು ನಮಗೆಲ್ಲ ಚಿರಪರಿಚಿತ. ಈಚಿನ ವರ್ಷಗಳಲ್ಲಿ ಅದಕ್ಕೆ ‘ಡಿಜಿಟಲ್’ ಎಂಬ ಹೊಸ ವಿಶೇಷಣವೊಂದು ಸೇರಿಕೊಂಡಿದೆ. ಇಷ್ಟು ಕೋಟಿ ಜನ ಡಿಜಿಟಲ್ ಸಾಕ್ಷರರಾದರು, ಕಾಲೇಜು ವಯಸ್ಸಿನವರಲ್ಲಿ ಶೇಕಡಾ ಇಷ್ಟು ಮಂದಿಗೆ ಈ ವಿದ್ಯೆ ಬರುತ್ತದೆ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ, ಓದಿ ಪುಟ ತಿರುವುತ್ತೇವೆ. ಆ ಅಂಕಿಯನ್ನು ಯಾರು ಎಣಿಸಿದರು, ಎದುರಿಗಿದ್ದವರಿಗೆ ಯಾವ ಪ್ರಶ್ನೆ ಕೇಳಿ ಎಣಿಸಿದರು ಎಂದು ವಿಚಾರಿಸುವವರು ವಿರಳ. ಕಡತಗಳ ಅಂಕಿಗಳ ನಡುವೆಯೇ ಹಗಲು ಕಳೆಯುವ ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರಿಗೆ ಈ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಂಡೊಡನೆ ನಮಗೆ ಹೇಳಿಕೊಡುತ್ತಿದ್ದ ಮೊದಲ ಪಾಠ, ಅಳೆಯುವ ಮುನ್ನ ಉಪಕರಣದ ಶೂನ್ಯದೋಷವನ್ನು ನೋಡಿಕೊಳ್ಳಿರಿ ಎಂಬುದು. ಸಾಕ್ಷರತೆಯ ಅಳತೆಗೋಲಿಗೂ ಅಂಥ ದೋಷವುಂಟು. ಅದು ಎಲ್ಲಿದೆಯೆಂದು ತಿಳಿಯಬೇಕಾದರೆ ಆ ಅಳತೆಗೋಲು ನಡೆದು ಬಂದ ದಾರಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಖಡಕಿಯ ಕನ್ನಡಿಗರಿಗೆ ಇದು ದೂರದ ವಿಷಯವೇನಲ್ಲ. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ನಡೆದ ಕಾಳಗದಿಂದ ಹೆಸರಾದ ಈ ಸ್ಥಳ ಮುಂದೆ ದಂಡಿನ ಊರಾಯಿತು. 1869ರಲ್ಲಿ ಇಲ್ಲಿ ಮದ್ದುಗುಂಡಿನ ಕಾರಖಾನೆ ಬಂತು, 1940ರಲ್ಲಿ ಸ್ಫೋಟಕಗಳ ಕಾರಖಾನೆ ಬಂತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಕಡೆಯ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿದ್ದವು. ಆದುದರಿಂದ ಆ ಕಡೆಯವರಿಗೆ ಪುಣೆ ಆಗ ಪರರಾಜ್ಯವಾಗಿರಲಿಲ್ಲ. ರೈಲು ಹತ್ತಿ ಬಂದವರು ಕಾರಖಾನೆಗಳಲ್ಲಿ, ಡಿಪೋಗಳಲ್ಲಿ, ಕಚೇರಿಗಳಲ್ಲಿ ನೆಲೆನಿಂತರು. ಅವರಿಗೂ ಊರಿಗೂ ನಡುವೆ ಇದ್ದ ಸೇತುವೆ ಒಂದೇ, ಅಂಚೆಯ ಕಾಗದ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲಾಗಿ, ಮಳೆ ಬೆಳೆ ವಿಚಾರಿಸಿ, ಮನಿಯಾರ್ಡರು ಮುಟ್ಟಿದ್ದಕ್ಕೆ ಉತ್ತರ ಬೇಡುವ ಆ ಕಾಗದಗಳನ್ನು ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ನೀವೂ ಕಂಡಿರಬಹುದು.

ಬರೆಯಲು ಬಾರದವರ ಪಾಡು ಬೇರೆಯೇ ಆಗಿತ್ತು. ಪಕ್ಕದ ಮನೆಯ ‘ಸಾಲಿ ಕಲಿತ’ವರ ಮುಂದೆ ಕುಳಿತು ಹೇಳಿ ಬರೆಯಿಸಬೇಕು, ಉತ್ತರ ಬಂದಾಗ ಅವರಿಂದಲೇ ಓದಿಸಿಕೊಳ್ಳಬೇಕು. ಹೆಂಡತಿಗೆ ಹೇಳುವ ಮಾತು, ತಮ್ಮನೊಡನೆ ಹೊಲದ ವ್ಯಾಜ್ಯ, ಮಗಳ ಮನೆಯ ಕಷ್ಟ ಎಲ್ಲವೂ ಮೂರನೆಯವರ ಕಿವಿಗೆ ಬಿದ್ದೇ ಹೋಗಬೇಕು. ಓದು ಬಾರದಿರುವುದೆಂದರೆ ಏನೆಂಬುದು ಅವರಿಗೆ ಗೊತ್ತಿತ್ತು: ತನ್ನ ಮನೆಯ ಮಾತಿಗೆ ಇನ್ನೊಬ್ಬರ ಕೈಯನ್ನು ಕಾಯುವುದು. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಇತಿಹಾಸವನ್ನು ನೋಡೋಣ.

ಖಾನೇಷುಮಾರಿಯ ಪ್ರಶ್ನೆ

ಹಿಂದುಸ್ಥಾನದ ಪ್ರಾಂತಗಳಲ್ಲೆಲ್ಲ ಏಕಕಾಲಕ್ಕೆ ಖಾನೇಷುಮಾರಿ, ಅಂದರೆ ಜನಗಣತಿ, ನಡೆದದ್ದು 1881ರಲ್ಲಿ. ಆಗ ವಿದ್ಯೆಯ ಕಾಲಮಿನಲ್ಲಿ ಜನರನ್ನು ಮೂರು ಗುಂಪು ಮಾಡಿದರು: ಕಲಿಯುತ್ತಿರುವವರು, ಓದುಬರಹ ಬಲ್ಲವರು, ಬಾರದವರು. 1891ರಲ್ಲಿಯೂ ಇದೇ ಪದ್ಧತಿ ನಡೆಯಿತು. ಆದರೆ ‘ಕಲಿಯುತ್ತಿರುವವರು’ ಎಂಬ ಗುಂಪು ಬಹಳ ಸಡಿಲವಾದದ್ದು. ನಿನ್ನೆ ಪಾಟಿ ಹಿಡಿದ ಹುಡುಗನೂ ಅದರಲ್ಲಿಯೇ, ಕಾಲೇಜು ಮೆಟ್ಟಿಲು ಹತ್ತಿದ ತರುಣನೂ ಅದರಲ್ಲಿಯೇ. 1901ರಲ್ಲಿ ಆ ಗುಂಪನ್ನು ಕೈಬಿಟ್ಟು, ಬಲ್ಲವರು ಮತ್ತು ಬಾರದವರು ಎಂಬ ಎರಡೇ ವಿಭಾಗಗಳನ್ನು ಉಳಿಸಿಕೊಂಡರು. ದೇಶದಲ್ಲಿ ಆಗ ಬಲ್ಲವರೆಂದು ಬರೆಸಿಕೊಂಡವರು ಶೇಕಡಾ 5.35.

ಬಲ್ಲವರೆಂದರೆ ಎಷ್ಟು ಬಲ್ಲವರು? ಸಹಿ ಹಾಕಬಲ್ಲವರೇ, ಪಂಚಾಂಗ ಓದಬಲ್ಲವರೇ, ಲೆಕ್ಕದ ಪುಸ್ತಕ ಬರೆಯಬಲ್ಲವರೇ? 1911ರ ಗಣತಿಯಲ್ಲಿ ಇದಕ್ಕೊಂದು ಸರಳವಾದ ಕಟ್ಟಳೆ ಮಾಡಿದರು. ಸ್ನೇಹಿತನಿಗೆ ಒಂದು ಕಾಗದ ಬರೆದು, ಅವನಿಂದ ಬಂದ ಉತ್ತರವನ್ನು ಓದಬಲ್ಲವನೇ ಸಾಕ್ಷರ. ನಮ್ಮ ತಿಳಿವಳಿಕೆಯ ಮಟ್ಟಿಗೆ ಸಾಕ್ಷರತೆಯ ಅಳತೆಗೋಲುಗಳಲ್ಲೆಲ್ಲ ಇಷ್ಟು ಹದವಾದದ್ದು ಇನ್ನೊಂದಿಲ್ಲ. ಅದು ಪಾಸಾದ ತರಗತಿಯನ್ನು ಕೇಳುವುದಿಲ್ಲ, ಸರ್ಟಿಫಿಕೇಟು ಕೇಳುವುದಿಲ್ಲ. ಬದುಕಿನಲ್ಲಿ ಬೇಕಾದ ಒಂದು ಕೆಲಸವನ್ನು ಎದುರಿಗಿಟ್ಟು, ಇದು ನಿನ್ನಿಂದಾಗುತ್ತದೆಯೇ ಎಂದು ಕೇಳುತ್ತದೆ. ಅದರಲ್ಲಿಯೂ ಎರಡು ಭಾಗ: ಕಳಿಸುವುದು ಒಂದು, ಬಂದದ್ದನ್ನು ಅರಿಯುವುದು ಇನ್ನೊಂದು. ಕುಂದು ಇಷ್ಟೇ. ಗಣತಿದಾರ ಯಾರಿಂದಲೂ ಕಾಗದ ಬರೆಯಿಸಿ ನೋಡಲಿಲ್ಲ, ಮನೆಯವರು ಹೇಳಿದ್ದನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋದ. ಆ ವರ್ಷದ ಅಂಕಿ ಶೇಕಡಾ 5.92.

ಅದೇ 1911ರ ಮಾರ್ಚಿನಲ್ಲಿ ಪುಣೆಯ ಗೋಪಾಲ ಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದ್ದನ್ನು ಇಲ್ಲಿ ನೆನೆಯಬೇಕು. ಮರುವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಬ್ರಿಟಿಷ್ ಹಿಂದುಸ್ಥಾನ ಮಾಡದ ಕೆಲಸಕ್ಕೆ ಮೈಸೂರು ಸಂಸ್ಥಾನ 1913ರಲ್ಲಿ ಕಾಯಿದೆ ಮಾಡಿತು. ಆಗ ಅಲ್ಲಿ ದಿವಾನರಾಗಿದ್ದವರು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಬಂದು ಇಲ್ಲಿಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಓದಿ 1883ರಲ್ಲಿ ಇಂಜಿನಿಯರಿಂಗ್ ಪಾಸು ಮಾಡಿದ ಸರ್ ಎಂ. ವಿಶ್ವೇಶ್ವರಯ್ಯನವರು.

ಸ್ವಾತಂತ್ರ್ಯ ಬಂದ ಮೇಲಿನ 1951ರ ಗಣತಿಯಲ್ಲಿ ಸಾಕ್ಷರರು ಶೇಕಡಾ 18.33. 1961ರಿಂದ ‘ಯಾವುದೇ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಬಲ್ಲ, ಬರೆಯಬಲ್ಲ’ ಎಂಬ ವ್ಯಾಖ್ಯೆ ನೆಲೆಗೊಂಡಿತು. 1991ರಿಂದ ಏಳು ವರ್ಷ ತುಂಬಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬಂತು. 2011ರಲ್ಲಿ ಅಂಕಿ ಸುಮಾರು 73ಕ್ಕೆ ಏರಿತು. ‘ಯಾವುದೇ ಒಂದು ಭಾಷೆಯಲ್ಲಿ’ ಎಂಬ ಮಾತನ್ನು ವಾಚಕರು ಗುರುತು ಹಾಕಿಟ್ಟುಕೊಳ್ಳಬೇಕೆಂದು ವಿನಂತಿ. ಕನ್ನಡ ಮಾತ್ರ ಬಲ್ಲ ಅಜ್ಜಿ ಪುಣೆಗೆ ಬಂದರೂ ಸಾಕ್ಷರಳೇ ಎಂಬ ಮರ್ಯಾದೆಯನ್ನು ಆ ಮಾತು ಉಳಿಸಿದೆ.

ಬೆರಳಿನ ವೇಗ

ಓದುಬರಹಕ್ಕೆ ಯಂತ್ರ ಜೊತೆಯಾದಾಗ ಅಳತೆಯ ರೀತಿಯೂ ಬದಲಾಯಿತು. ಅದರ ಮೊದಲ ಉದಾಹರಣೆ ಟೈಪ್‌ರೈಟರು. ಗುಮಾಸ್ತನ ನೌಕರಿ ಬೇಕಾದವನು ಟೈಪಿಂಗ್ ಕ್ಲಾಸಿಗೆ ಹೋಗಬೇಕು, ನಿಮಿಷಕ್ಕೆ ಇಷ್ಟು ಶಬ್ದಗಳ ವೇಗ ತೋರಿಸಬೇಕು. ಕೇಂದ್ರ ಸರಕಾರದ ಕೆಳದರ್ಜೆಯ ಗುಮಾಸ್ತರಿಗೆ ಟೈಪ್‌ರೈಟರಿನ ಮೇಲೆ ಇಂಗ್ಲಿಷಿನಲ್ಲಿ 30, ಹಿಂದಿಯಲ್ಲಿ 25 ಶಬ್ದಗಳ ವೇಗ ನಿಗದಿಯಾಗಿತ್ತು. ಪರೀಕ್ಷೆ ಗಣಕಯಂತ್ರಕ್ಕೆ ಬಂದಾಗ ಅದು 35 ಮತ್ತು 30 ಆಯಿತು. ಇಲ್ಲಿ ಬಾಯಿಮಾತಿಗೆ ಅವಕಾಶವೇ ಇಲ್ಲ. ಗಡಿಯಾರ ಎದುರಿಗಿರುತ್ತದೆ, ತಪ್ಪುಗಳನ್ನು ಎಣಿಸುತ್ತಾರೆ, ಆಗುವುದೋ ಇಲ್ಲವೋ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಪ್ರಾಮಾಣಿಕವಾದ ಅಳತೆ, ಅನುಮಾನವಿಲ್ಲ. ಆದರೆ ಅದು ಅಳೆಯುವುದು ಬೆರಳನ್ನು. ಬಂದ ಸುತ್ತೋಲೆಯ ಅರ್ಥವೇನು, ಅದಕ್ಕೆ ಏನು ಉತ್ತರ ಬರೆಯಬೇಕು ಎಂಬುದು ನಿಮಿಷಕ್ಕೆ ಮೂವತ್ತೈದು ಶಬ್ದ ಹೊಡೆಯುವವನಿಗೆ ತಾನಾಗಿ ತಿಳಿಯುವುದಿಲ್ಲ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಅಳೆಯಲು ಸುಲಭವಾದದ್ದನ್ನು ಅಳೆದು, ಬೇಕಾದದ್ದನ್ನು ಅಳೆದೆವೆಂದು ತಿಳಿಯುವ ಅಪಾಯ ಇಲ್ಲಿಂದಲೇ ಶುರುವಾಗುತ್ತದೆ.

ಗಣಕ ಬಂದ ಮೇಲೆ

1981ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡೆದ ಗಣಕ ಶಿಕ್ಷಣದ ವಿಶ್ವ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿ ಆಂದ್ರೇ ಎರ್ಶೋವ್ ಅವರು ಪ್ರೋಗ್ರಾಮಿಂಗ್ ಎಂಬುದು ಎರಡನೆಯ ಸಾಕ್ಷರತೆ ಎಂಬ ವಾದವನ್ನು ಮುಂದಿಟ್ಟರು. ಇಂಗ್ಲೆಂಡಿನಲ್ಲಿ ಬಿ.ಬಿ.ಸಿ.ಯವರು ಗಣಕ ಸಾಕ್ಷರತೆಯ ಯೋಜನೆ ಹೂಡಿ, ಅದಕ್ಕಾಗಿಯೇ ಸಣ್ಣ ಗಣಕವೊಂದನ್ನು ಮಾಡಿಸಿದರು. ಅದೇ ಯಂತ್ರಗಳು 1984–85ರಲ್ಲಿ ನಮ್ಮ ದೇಶದ ಸುಮಾರು 250 ಶಾಲೆಗಳಿಗೆ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಬಂದವು. ಗಣಕ ಸಾಕ್ಷರತೆ ಎಂಬ ಮಾತು ನಮ್ಮ ಶಾಲೆಗಳನ್ನು ಹೊಕ್ಕಿದ್ದು ಹೀಗೆ. 1988ರಲ್ಲಿ ಖಡಕಿಯ ಪಕ್ಕದ ಗಣೇಶಖಿಂಡದಲ್ಲಿ, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಸಿ-ಡ್ಯಾಕ್ ಸಂಸ್ಥೆ ತಲೆಯೆತ್ತಿತು. 1991ರಲ್ಲಿ ಅದು ‘ಪರಮ್ 8000’ ಎಂಬ ಮಹಾಗಣಕವನ್ನು ಮುಂದಿಟ್ಟಿತು. ಪುಣೆಗೆ ಇಂದು ಇರುವ ಗಣಕನಗರದ ಹೆಸರಿಗೆ ಇದೂ ಒಂದು ಕಾರಣ.

ಆಮೇಲೆ ಬಂದದ್ದು ಸರ್ಟಿಫಿಕೇಟುಗಳ ಕಾಲ. 2001ರಲ್ಲಿ ಮಹಾರಾಷ್ಟ್ರ ಸರಕಾರ ಎಂ.ಕೆ.ಸಿ.ಎಲ್. ಸಂಸ್ಥೆಯನ್ನು ಪುಣೆಯಲ್ಲಿ ಸ್ಥಾಪಿಸಿತು. ಅದರ ಎಂ.ಎಸ್-ಸಿ.ಐ.ಟಿ. ತರಗತಿಯ ಫಲಕವನ್ನು ನೋಡದ ಬೀದಿ ಖಡಕಿ ಬಾಜಾರಿನಲ್ಲಿಯೂ ದಾಪೋಡಿಯಲ್ಲಿಯೂ ಸಿಗಲಾರದು. ರಾಜ್ಯ ಸರಕಾರದ ಅನೇಕ ಹುದ್ದೆಗಳಿಗೆ ಆ ಸರ್ಟಿಫಿಕೇಟು ಬೇಕೇ ಬೇಕು. ಕರ್ನಾಟಕ ಸರಕಾರವೂ ತನ್ನ ನೌಕರರಿಗಾಗಿ 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ಮಾಡಿತು. ಕೇರಳದಲ್ಲಿ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮನೆಗೊಬ್ಬರಿಗೆ ಗಣಕ ಕಲಿಸುವ ‘ಅಕ್ಷಯ’ ಯೋಜನೆ ಮೊದಲಾಯಿತು. 2025ರ ಆಗಸ್ಟಿನಲ್ಲಿ ಆ ರಾಜ್ಯ ತಾನು ಸಂಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಿಸಿಕೊಂಡಿತು. ನಮ್ಮ ಕಾಸರಗೋಡಿನ ಕನ್ನಡಿಗರೂ ಆ ಲೆಕ್ಕದೊಳಗೆ ಸೇರಿದ್ದಾರೆ.

ಕೇಂದ್ರ ಸರಕಾರದ ‘ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ’ 2017ರಲ್ಲಿ ಆರು ಕೋಟಿ ಗ್ರಾಮೀಣರನ್ನು ಮುಟ್ಟುವ ಗುರಿಯೊಂದಿಗೆ ಮೊದಲಾಗಿ 2024ರ ಮಾರ್ಚಿನಲ್ಲಿ ಮುಗಿಯಿತು. ಅದರ ಲೆಕ್ಕವನ್ನು ನೋಡಿರಿ. ಹೆಸರು ನೋಂದಾಯಿಸಿದವರು ಸುಮಾರು 7.35 ಕೋಟಿ, ತರಬೇತಿ ಪಡೆದವರು 6.39 ಕೋಟಿ, ಪರೀಕ್ಷೆ ಕಟ್ಟಿ ಪ್ರಮಾಣಪತ್ರ ಪಡೆದವರು 4.77 ಕೋಟಿ. ಒಂದೇ ಯೋಜನೆ, ಮೂರು ಅಂಕಿಗಳು, ಮೂರೂ ನಿಜ. ಯಾವ ಅಂಕಿಯನ್ನು ‘ಸಾಕ್ಷರರು’ ಎಂದು ಕರೆಯುತ್ತೀರಿ ಎಂಬುದರ ಮೇಲೆ ಒಂದೂವರೆ ಎರಡೂವರೆ ಕೋಟಿ ಜನ ಒಳಗೋ ಹೊರಗೋ ಆಗುತ್ತಾರೆ. ಪ್ರಮಾಣಪತ್ರ ಪಡೆದ ಮರುವರ್ಷ ಅವರು ಏನು ಮಾಡಬಲ್ಲರೆಂಬುದು ಈ ಮೂರು ಅಂಕಿಗಳಲ್ಲಿ ಯಾವುದರಲ್ಲಿಯೂ ಇಲ್ಲ.

ಕೇಳಿದರೆ ಒಂದು, ಮಾಡಿಸಿದರೆ ಇನ್ನೊಂದು

ಕಾಲೇಜು ವಿದ್ಯಾರ್ಥಿಗಳ ವಿಷಯಕ್ಕೆ ಬರೋಣ. ಅವರಿಗೆ ಇದೆಲ್ಲ ಹುಟ್ಟಿನಿಂದಲೇ ಬಂದ ವಿದ್ಯೆ, ಅಳೆಯುವುದೇನು ಬಂತು ಎಂಬ ಭಾವನೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅಮೆರಿಕದ ಸಂಶೋಧಕಿ ಎಸ್ತರ್ ಹರ್ಗಿಟ್ಟೈ ಅವರು ಇದನ್ನೇ ಪರೀಕ್ಷಿಸಿದರು. ಜನರನ್ನು ಗಣಕದ ಮುಂದೆ ಕೂಡಿಸಿ ಕೆಲಸ ಮಾಡಿಸಿದರು. ನಿಮಗೆ ಎಷ್ಟು ಬರುತ್ತದೆ ಎಂದೂ ಕೇಳಿದರು. 2005ರಲ್ಲಿ ಅವರು ಪ್ರಕಟಿಸಿದ ನಿರ್ಣಯವೆಂದರೆ, ‘ನನಗೆ ಚೆನ್ನಾಗಿ ಬರುತ್ತದೆ’ ಎಂಬ ಮಾತಿಗಿಂತ, ಕೆಲವು ತಾಂತ್ರಿಕ ಶಬ್ದಗಳ ಅರ್ಥ ಎಷ್ಟು ತಿಳಿದಿದೆ ಎಂಬ ಪ್ರಶ್ನೆ ನಿಜವಾದ ಸಾಮರ್ಥ್ಯವನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆ ಎಂಬುದು. ಮುಂದೆ ಅವರು ಅಂಥ ಪಟ್ಟಿಯಲ್ಲಿ ಲೋಕದಲ್ಲಿಯೇ ಇಲ್ಲದ ಒಂದೆರಡು ಸುಳ್ಳು ಶಬ್ದಗಳನ್ನೂ ಸೇರಿಸಿಟ್ಟರು. ಬಲ್ಲೆನೆಂದು ಬೊಗಳೆ ಬಿಡುವವರು ಸಿಕ್ಕಿಬೀಳಲಿ ಎಂದು!

2007ರಲ್ಲಿ ಶಿಕಾಗೋದ ವಿಶ್ವವಿದ್ಯಾಲಯವೊಂದರ ಸಾವಿರಕ್ಕೂ ಹೆಚ್ಚು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಹರ್ಗಿಟ್ಟೈ ಸಮೀಕ್ಷೆ ಮಾಡಿದರು. ಎಲ್ಲರೂ ಒಂದೇ ವಯಸ್ಸಿನವರು, ಎಲ್ಲರಿಗೂ ಅಂತರ್ಜಾಲದ ಸೌಕರ್ಯವಿತ್ತು. ಆದರೂ ತಿಳಿವಳಿಕೆಯಲ್ಲಿ ದೊಡ್ಡ ಅಂತರವಿತ್ತು, ಹೆಚ್ಚು ಓದಿದ ತಂದೆತಾಯಿಗಳ ಮಕ್ಕಳು ಮುಂದಿದ್ದರು. ಕಾರಖಾನೆಯ ಕೆಲಸಗಾರರ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಹೋದ ಪೀಳಿಗೆಯನ್ನು ಕಂಡ ನಮ್ಮ ಖಡಕಿಯವರು ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಅಧ್ಯಯನ 2006ರದು. ಕೆಲಸ ಮಾಡಿಸಿ ನೋಡಿದರೆ ಹೆಂಗಸರಿಗೂ ಗಂಡಸರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೇಳಿದಾಗ ಮಾತ್ರ ಹೆಂಗಸರು ತಮ್ಮ ವಿದ್ಯೆಯನ್ನು ಕಡಿಮೆ ಮಾಡಿಯೇ ಹೇಳಿಕೊಂಡರು. ಕೇಳಿ ಎಣಿಸುವ ಪದ್ಧತಿಯಲ್ಲಿ ನಮ್ಮ ಹೆಣ್ಣುಮಕ್ಕಳ ಅಂಕಿ ತಾನಾಗಿ ಕೆಳಗಿಳಿಯುವ ಸಂಭವವುಂಟು.

ನಮ್ಮ ದೇಶದ ದೊಡ್ಡ ಸಮೀಕ್ಷೆಗಳು ಬಹುಮಟ್ಟಿಗೆ ಕೇಳಿ ಎಣಿಸುವಂಥವೇ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 15ರಿಂದ 29 ವರ್ಷದವರಲ್ಲಿ ಗಣಕ ನಡೆಸಬಲ್ಲವರು ಹಳ್ಳಿಗಳಲ್ಲಿ ಶೇಕಡಾ 24, ಪಟ್ಟಣಗಳಲ್ಲಿ ಶೇಕಡಾ 56. 2022–23ರ ಸಮೀಕ್ಷೆ ಗಣಕದ ಜೊತೆಗೆ ಮೊಬೈಲನ್ನೂ ಗಮನಕ್ಕೆ ತಂದುಕೊಂಡು ಕೆಲಸಗಳನ್ನು ಬಿಡಿಬಿಡಿಯಾಗಿ ವಿಚಾರಿಸಿತು. 15ರಿಂದ 24 ವರ್ಷದವರಲ್ಲಿ ಚಿತ್ರವನ್ನೋ ಕಡತವನ್ನೋ ಲಗತ್ತಿಸಿ ಸಂದೇಶ ಕಳಿಸಬಲ್ಲವರು ಶೇಕಡಾ 78.4. ಮಾಹಿತಿ ಹುಡುಕುವುದು, ಮಿಂಚಂಚೆ ಕಳಿಸುವುದು, ಬ್ಯಾಂಕಿನ ವ್ಯವಹಾರ ಈ ಮೂರೂ ಬರುವವರು ಶೇಕಡಾ 26.8 ಮಾತ್ರ. ಒಂದೇ ತರುಣ ಸಮೂಹ, ಒಂದು ಅಳತೆಯಲ್ಲಿ ಮುಕ್ಕಾಲು ಮೀರಿದೆ, ಇನ್ನೊಂದರಲ್ಲಿ ಕಾಲಿನಷ್ಟಿದೆ. ‘ಡಿಜಿಟಲ್ ಸಾಕ್ಷರರು’ ಎಂಬ ಶೀರ್ಷಿಕೆಯ ಕೆಳಗೆ ಇವೆರಡರಲ್ಲಿ ಯಾವುದನ್ನಾದರೂ ಹಾಕಬಹುದು!

ಮಾಡಿಸಿ ನೋಡುವ ದಾರಿಯನ್ನು ಹಿಡಿದದ್ದು ‘ಅಸರ್’ ಸಮೀಕ್ಷೆ. 2023ರಲ್ಲಿ ಅವರು 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದ 34,745 ಮಕ್ಕಳನ್ನು ಕಂಡರು. ಕರ್ನಾಟಕದಿಂದ ಮೈಸೂರು, ಮಹಾರಾಷ್ಟ್ರದಿಂದ ನಾಂದೇಡ ಜಿಲ್ಲೆ ಆಯ್ಕೆಯಾಗಿದ್ದವು. ಸಿಕ್ಕರೆ ಫೋನನ್ನು ತರಹೇಳಿ, ಅದರ ಮೇಲೆಯೇ ಕೆಲಸ ಕೊಟ್ಟರು: ಅಲಾರಾಮು ಇಡು, ಈ ಪ್ರಶ್ನೆಗೆ ಉತ್ತರ ಹುಡುಕು, ಇಂಥ ವಿಡಿಯೋ ಹುಡುಕಿ ಕಳಿಸು, ನಕ್ಷೆಯಲ್ಲಿ ದಾರಿ ನೋಡಿ ಎಷ್ಟು ಹೊತ್ತಾಗುತ್ತದೆಂದು ಹೇಳು. ಪರೀಕ್ಷೆಗೆ ಕುಳಿತವರಲ್ಲಿ ವಿಡಿಯೋ ಹುಡುಕಿದವರು ಸುಮಾರು ಶೇಕಡಾ 80, ಪ್ರಶ್ನೆಗೆ ಉತ್ತರ ಹುಡುಕಿದವರು ಸುಮಾರು 70, ನಕ್ಷೆಯ ಕೆಲಸ ಮಾಡಿದವರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇನ್ನೂ ಒಂದು ಮಾತು. ಫೋನು ಬಳಸಬಲ್ಲ ಹುಡುಗರಲ್ಲಿ ಸ್ವಂತ ಫೋನು ಇದ್ದವರು ಶೇಕಡಾ 43.7, ಹುಡುಗಿಯರಲ್ಲಿ 19.8. ಅಣ್ಣನ ಫೋನನ್ನು ಅವನ ಬಿಡುವಿನಲ್ಲಿ ಬಳಸುವ ತಂಗಿಯ ವಿದ್ಯೆಯನ್ನು ಅಳೆಯುವಾಗ ಈ ಅಂಕಿಯನ್ನು ಪಕ್ಕಕ್ಕಿಟ್ಟುಕೊಳ್ಳಲೇಬೇಕು.

ಬಂದ ಉತ್ತರವನ್ನು ಓದುವುದು

1911ರ ಕಟ್ಟಳೆಗೆ ಎರಡು ಭಾಗಗಳಿದ್ದವೆಂದು ಹೇಳಿದೆವು. ಈಗಿನ ಅಳತೆಗಳು ಹೆಚ್ಚಾಗಿ ಮೊದಲ ಭಾಗವನ್ನು ಎಣಿಸುತ್ತವೆ: ಕಳಿಸಬಲ್ಲರೇ, ಹುಡುಕಬಲ್ಲರೇ, ನಕಲು ಮಾಡಿ ಅಂಟಿಸಬಲ್ಲರೇ. ಬಂದದ್ದನ್ನು ಅರಿಯುವ ಭಾಗ ಹಿಂದುಳಿದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣ ಬಳಗದವರು ಇದನ್ನು ಪರೀಕ್ಷಿಸಿದ ರೀತಿ ಕುತೂಹಲಕರ. ಹತ್ತು ಮಂದಿ ಇತಿಹಾಸದ ವಿದ್ವಾಂಸರು, ಪತ್ರಿಕೆಗಳ ಸತ್ಯಶೋಧನೆಯ ಹತ್ತು ಮಂದಿ, ಇಪ್ಪತ್ತೈದು ಮಂದಿ ಪದವಿ ವಿದ್ಯಾರ್ಥಿಗಳು, ಹೀಗೆ 45 ಜನರನ್ನು ಅಂತರ್ಜಾಲದ ಪುಟಗಳ ಮುಂದೆ ಕೂಡಿಸಿ, ಇದನ್ನು ನಂಬಬಹುದೇ ಎಂದು ಕೇಳಿದರು. ವಿದ್ಯಾರ್ಥಿಗಳಷ್ಟೇ ಅಲ್ಲ, ವಿದ್ವಾಂಸರಲ್ಲಿಯೂ ಅನೇಕರು ಪುಟದ ಅಂದಚಂದಕ್ಕೆ, ಗಂಭೀರವಾದ ಹೆಸರಿಗೆ ಮರುಳಾದರು. ಸತ್ಯಶೋಧಕರು ಆ ಪುಟದಲ್ಲಿ ಬಹಳ ಹೊತ್ತು ನಿಲ್ಲಲೇ ಇಲ್ಲ. ಅದನ್ನು ಬಿಟ್ಟು ಹೊರಗೆ ಬಂದು, ಇದನ್ನು ನಡೆಸುವವರು ಯಾರು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಮೊದಲು ವಿಚಾರಿಸಿದರು. ಹೆಣ್ಣು ಕೊಡುವ ಮುನ್ನ ಗಂಡಿನ ಮನೆಯವರ ಮಾತಿಗಷ್ಟೇ ಕಿವಿಗೊಡದೆ ನೆರೆಹೊರೆಯವರನ್ನು ವಿಚಾರಿಸುವ ನಮ್ಮ ಹಿರಿಯರ ಪದ್ಧತಿಯೇ ಅದು!

ಈ ವಿದ್ಯೆ ಇಲ್ಲದಿರುವುದರ ಬೆಲೆ ಚಿಕ್ಕದಲ್ಲ. ಪೋಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು, ಮನೆಯಲ್ಲಿ ಕುಳಿತೇ ಸಂಪಾದಿಸಿ ಎಂದು ವಿದ್ಯಾರ್ಥಿಗಳಿಗೆ ಸಂದೇಶ ಕಳಿಸುವವರು, ನೌಕರಿಯ ಖೊಟ್ಟಿ ಆದೇಶ ಕಳಿಸಿ ಠೇವಣಿ ಕೇಳುವವರು, ಇವರ ಬಲೆಗೆ ಬೀಳುವವರು ನಿರಕ್ಷರಿಗಳೇ ಆಗಿರಬೇಕೆಂದಿಲ್ಲ. ಸಂದೇಶ ಕಳಿಸಬಲ್ಲ ಶೇಕಡಾ 78ರ ಲೆಕ್ಕದಲ್ಲಿ ಅವರೂ ಸೇರಿರುತ್ತಾರೆ. ಇತ್ತ ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ ಎಲ್ಲವೂ ಅಂತರ್ಜಾಲಕ್ಕೆ ಹೋಗಿವೆ. ಕಾಲೇಜು ಕಲಿಯುವ ಮಗನೋ ಮಗಳೋ ಸೈಬರ್ ಕೆಫೆಯವನಿಗೆ ಹಣ ಕೊಟ್ಟು, ಆಧಾರ್ ಕೊಟ್ಟು, ಬ್ಯಾಂಕಿನ ಒ.ಟಿ.ಪಿ.ಯನ್ನೂ ಓದಿ ಹೇಳಿ ಅರ್ಜಿ ತುಂಬಿಸಿಕೊಂಡು ಬರುವುದನ್ನು ನಾವು ದಿನವೂ ಕಾಣುತ್ತೇವೆ. ಅಂದು ಅಜ್ಜ ಪಕ್ಕದ ಮನೆಯವರ ಮುಂದೆ ತನ್ನ ಗುಟ್ಟನ್ನು ಬಿಚ್ಚಿಟ್ಟು ಕಾಗದ ಬರೆಯಿಸಿದ ಹಾಗೆಯೇ ಇದು. ಪಕ್ಕದ ಮನೆಯವರು ಪರಿಚಿತರಾಗಿದ್ದರು ಎಂಬುದೊಂದೇ ವ್ಯತ್ಯಾಸ.

ಯಾವ ಭಾಷೆಯಲ್ಲಿ?

ಜನಗಣತಿ ಉಳಿಸಿಕೊಂಡು ಬಂದ ‘ಯಾವುದೇ ಒಂದು ಭಾಷೆಯಲ್ಲಿ’ ಎಂಬ ಮಾತಿಗೆ ಮರಳೋಣ. ಗಣಕದಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸುವ ಕೆಲಸಕ್ಕೂ ನಮ್ಮ ನೆರೆಯ ಸಿ-ಡ್ಯಾಕಿಗೂ ಹಳೆಯ ನಂಟು. ಕಾನ್‌ಪುರದ ಐ.ಐ.ಟಿ.ಯಲ್ಲಿ ಹುಟ್ಟಿದ ‘ಜಿಸ್ಟ್’ ತಂತ್ರ ಬೆಳೆದದ್ದು ಇಲ್ಲಿಯೇ. 1991ರಲ್ಲಿ ಭಾರತೀಯ ಲಿಪಿಗಳ ಸಂಕೇತಕ್ಕೆ ರಾಷ್ಟ್ರೀಯ ಮಾನಕ ಸಿದ್ಧವಾಯಿತು. ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ಬೆರಳಚ್ಚು ಸುಲಭವಾಯಿತು. ಇಂದು ಕಿಸೆಯ ಫೋನಿನಲ್ಲಿಯೂ ಕನ್ನಡದ ಅಕ್ಷರಗಳಿವೆ.

ಆದರೂ ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ಊರಿನ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಅಕ್ಷರ ಬಾರದು. ಮೊಮ್ಮಗನಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಕನ್ನಡ ಲಿಪಿ ಬಾರದು. ಸಮೀಕ್ಷೆಯ ಲೆಕ್ಕದಲ್ಲಿ ಮೊಮ್ಮಗ ಡಿಜಿಟಲ್ ಸಾಕ್ಷರ, ಜನಗಣತಿಯ ಲೆಕ್ಕದಲ್ಲಿ ಅಜ್ಜಿ ಸಾಕ್ಷರಳು, ಆದರೆ ಒಬ್ಬರ ಕಾಗದವನ್ನು ಇನ್ನೊಬ್ಬರು ಓದಲಾರರು. 1911ರ ಕಟ್ಟಳೆಯಂತೆ ನೋಡಿದರೆ ಇಬ್ಬರೂ ಅರ್ಧ ಪರೀಕ್ಷೆಯಲ್ಲಿ ನಿಂತಿದ್ದಾರೆ. ಇದು ಹುಡುಗರ ಮೇಲಿನ ದೂರಲ್ಲ. ಅವರು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಿತವರು. ದೇವನಾಗರಿ ಬಲ್ಲವರಿಗೆ ಕನ್ನಡದ ಕಾಗುಣಿತದ ಕ್ರಮ ಹೊಸದಲ್ಲ, ಅಕ್ಷರಗಳ ರೂಪವಷ್ಟೇ ಹೊಸದು. ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆ ಸಾಕು.

ನಮ್ಮ ಮಟ್ಟಿಗೆ

ದೇಶದ ಅಳತೆಗೋಲನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. 2027ರ ಜನಗಣತಿಯೇ ಡಿಜಿಟಲ್ ರೀತಿಯಲ್ಲಿ ನಡೆಯಲಿದೆ. ಮನೆಯವರೇ ತಮ್ಮ ವಿವರವನ್ನು ಅಂತರ್ಜಾಲದ ಮೂಲಕ ತುಂಬುವ ಅವಕಾಶವನ್ನೂ ಕೊಟ್ಟಿದ್ದಾರೆ. ಆ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡದೆ ಮಾಡಬಲ್ಲ ಮನೆಗಳು ನಮ್ಮಲ್ಲಿ ಎಷ್ಟು ಎಂಬುದೂ ಒಂದು ಅಳತೆಯೇ. ಇಷ್ಟನ್ನು ಸಂಘದ ಮಟ್ಟದಲ್ಲಿ ನಾವು ಮಾಡಿ ನೋಡಬಹುದು. ಖಡಕಿ, ದಾಪೋಡಿ, ಬೋಪೋಡಿಯ ಕನ್ನಡ ಮನೆಗಳ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಭಾನುವಾರ ಕರೆದು, ‘ನಿನಗೆ ಬರುತ್ತದೆಯೇ’ ಎಂದು ಕೇಳದೆ, ಐದು ಕೆಲಸಗಳನ್ನು ಕೊಡೋಣ.

ಮೊದಲನೆಯದು, ಊರಿನ ಹಿರಿಯರೊಬ್ಬರಿಗೆ ಕನ್ನಡ ಲಿಪಿಯಲ್ಲಿ ಐದು ಸಾಲಿನ ಸಂದೇಶ ಬರೆದು, ಒಂದು ಚಿತ್ರ ಲಗತ್ತಿಸಿ ಕಳಿಸುವುದು. ಎರಡನೆಯದು, ಪುಣೆಯಿಂದ ಹುಬ್ಬಳ್ಳಿಗೆ ಹೋಗುವ ಗಾಡಿಯ ಸಮಯವನ್ನು ರೈಲ್ವೆಯ ಅಧಿಕೃತ ತಾಣದಲ್ಲಿಯೇ ಹುಡುಕಿ ತೆಗೆಯುವುದು. ಮೂರನೆಯದು, ಮಾದರಿಯ ಅರ್ಜಿಯೊಂದನ್ನು ತುಂಬಿ, ಹೇಳಿದ ಅಳತೆಗೆ ಇಳಿಸಿದ ಚಿತ್ರವನ್ನೂ ಸಹಿಯನ್ನೂ ಸೇರಿಸುವುದು. ನಾಲ್ಕನೆಯದು, ಮನೆಯ ತಿಂಗಳ ಖರ್ಚನ್ನು ಕಾಲಮುಗಳಲ್ಲಿ ಹಾಕಿ ಮೊತ್ತ ತೆಗೆಯುವುದು. ಐದನೆಯದು, ನಾಲ್ಕು ಸಂದೇಶಗಳನ್ನು ಮುಂದಿಟ್ಟು, ಇವುಗಳಲ್ಲಿ ನಿಜವಾದದ್ದು ಯಾವುದು, ಹೇಗೆ ತಿಳಿದೆ ಎಂದು ಹೇಳಿಸುವುದು.

ಇದಕ್ಕೆ ಸರ್ಟಿಫಿಕೇಟು ಬೇಡ, ಬಹುಮಾನವೂ ಬೇಡ. ಐದೂ ಕೆಲಸಗಳ ಲೆಕ್ಕವನ್ನು ಬೇರೆಬೇರೆ ಕಾಲಮಿನಲ್ಲಿ ಬರೆದಿಡೋಣ. ಕೂಡಿಸಿ ಒಂದೇ ಅಂಕಿ ಮಾಡಿದರೆ ಯಾವುದು ಬಾರದೆಂಬುದು ಅದರಲ್ಲಿ ಮುಚ್ಚಿಹೋಗುತ್ತದೆ. ಹುಡುಗರದು ಒಂದು, ಹುಡುಗಿಯರದು ಒಂದು ಪಟ್ಟಿ ಇರಲಿ. ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಬರೆದುಕೊಳ್ಳೋಣ. ಯಾವ ಕಾಲಮು ಬರಿದಾಗಿ ಕಾಣುವುದೋ ಅದನ್ನು ಕಲಿಸಲು, ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ಖಡಕಿಯ ಕನ್ನಡ ಮನೆಗಳಲ್ಲಿ ಹಿಂಜವಡಿಯ ಕಂಪನಿಗಳಿಗೆ ಹೋಗುವ ಮಕ್ಕಳಿಗೇನು ಬರವೇ? ಕನ್ನಡ ಲಿಪಿಯ ಕಾಲಮು ಬರಿದಾಗಿದ್ದರೆ ಅದರ ಪಾಠವನ್ನು ಅಜ್ಜ ಅಜ್ಜಿಯರೇ ವಹಿಸಿಕೊಳ್ಳಲಿ. ಅದಕ್ಕೆ ಬದಲಾಗಿ ಮೊಮ್ಮಕ್ಕಳು ಅವರಿಗೆ, ಬಂದ ಸಂದೇಶ ಖೊಟ್ಟಿಯೋ ನಿಜವೋ ಎಂದು ನೋಡುವ ಬಗೆಯನ್ನು ಹೇಳಿಕೊಡಲಿ.

ಈ ವಿಷಯವಾಗಿ ಆಸಕ್ತಿಯುಳ್ಳ ತಂದೆತಾಯಿಗಳೂ ವಿದ್ಯಾರ್ಥಿಗಳೂ ಸಂಘದ ಕಚೇರಿಗೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ. ಕಾಗದದಲ್ಲಿ ಬರೆದರೂ ಸರಿಯೇ, ಫೋನಿನಲ್ಲಿ ಕಳಿಸಿದರೂ ಸರಿಯೇ. ಉತ್ತರ ಬರೆಯುವ ಹೊಣೆ ನಮ್ಮದು.